ಐದು ನಿಮಿಷದ ಚಿತ್ರ

ಸಂಸ್ಥೆಯೊಂದು ತನ್ನ ಕಾರ್ಯವನ್ನು ಲೋಕಕ್ಕೆ ಪರಿಚಯಿಸುವ ಸಲುವಾಗಿ ಮಾಡಿಸುವ ಪ್ರಚಾರಚಿತ್ರವನ್ನು ಕಲೆಯೆಂದು ಒಪ್ಪಿಕೊಳ್ಳಲು ಅನೇಕರು ಹಿಂಜರಿಯುವುದುಂಟು. ನನಗಾದರೋ ಅದರಷ್ಟು ಪ್ರಿಯವಾದ ಕೆಲಸ ಮತ್ತೊಂದಿಲ್ಲ, ಅದರಲ್ಲಿಯೂ ಸಮಾರಂಭದ ದಿನಾಂಕವು ಆಮಂತ್ರಣಪತ್ರಿಕೆಯಲ್ಲಿ ಆಗಲೇ ಅಚ್ಚಾಗಿ, ಚಿತ್ರದ ಮೊದಲ ದೃಶ್ಯವಿನ್ನೂ ಮನಸ್ಸಿನಲ್ಲಿಯೇ ಇರುವಾಗ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಶಾಖೆಗಳುಳ್ಳ ಗದಗ-ಬೆಟಗೇರಿಯ ಸಹಕಾರಿ ಬ್ಯಾಂಕೊಂದು, ತನ್ನ ಉತ್ಸವಕ್ಕಾಗಿ ವಾರ ತುಂಬುವುದರೊಳಗೆ ಇಂಥದೊಂದು ಚಿತ್ರವನ್ನು ಬಯಸಿತು. ಎಲ್ಲಿಂದ ಆರಂಭಿಸಬೇಕೆಂಬ ಚಿಂತೆ ಈ ಸೀಮೆಯಲ್ಲಿ ಸಹಕಾರದ ಕಥೆ ಹೇಳುವವನಿಗೆ ಇಲ್ಲ. 1904ರ ಸಹಕಾರಿ ಕಾಯಿದೆ ಬಂದ ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘವನ್ನು ಕಟ್ಟಿದ ಕಣಗಿನಹಾಳ ಗದಗಿನ ಮಗ್ಗುಲಲ್ಲಿಯೇ ಇದೆ. ಅಲ್ಲಿಂದ ಹೊರಟು, ಪುಲಿಗೆರೆಯೆಂದು ಹಳೆಯ ಕಾವ್ಯಗಳು ಕರೆದ ಲಕ್ಷ್ಮೇಶ್ವರದ ಪೇಟೆಯನ್ನು ಹಾದು, ಮರುದಿನ ನಸುಕಿನಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ದಂಡೆಯಲ್ಲಿ ಕ್ಯಾಮೆರಾ ಹೂಡಿದೆವು. ಇರುಳೆಲ್ಲ ಹೊಲಗಳಲ್ಲಿ ಮೇದ ಪಟ್ಟೆತಲೆಯ ಬಾತುಗಳು, ಹಿಮಾಲಯವನ್ನು ದಾಟಿ ಚಳಿಗಾಲಕ್ಕೆಂದು ಬಂದ ಅತಿಥಿಗಳು, ಬೆಳಗಾಗುತ್ತಲೇ ಸಾಲುಸಾಲಾಗಿ ನೀರಿಗಿಳಿಯುತ್ತವೆ. ಬ್ಯಾಂಕಿಗೂ ಬಾತಿಗೂ ಏನು ಸಂಬಂಧವೆಂದು ಜೊತೆಗಿದ್ದ ಬ್ಯಾಂಕಿನ ನಿರ್ದೇಶಕರೊಬ್ಬರು ಕೇಳಿದರು; ಸಾಲ ಪಡೆದ ರೈತನ ಹೊಲದ ಮೇಲಿಂದಲೇ ಅವು ಬಂದವೆಂದು ತೋರಿಸಿದಾಗ ಅವರೇ ಆ ದೃಶ್ಯವನ್ನು ಬಿಡಬೇಡಿರೆಂದರು.

ಆದರೆ ಚಿತ್ರವು ನಿಜವಾಗಿ ಹುಟ್ಟಿದ್ದು ಬೆಟಗೇರಿಯ ನೇಕಾರರ ಓಣಿಯಲ್ಲಿ. ಕುಣಿಮಗ್ಗದ ಮುಂದೆ ಕುಳಿತ ವೃದ್ಧರ ಪಾದಗಳು ಕುಣಿಯೊಳಗಿನ ಕತ್ತಲೆಯಲ್ಲಿ ಒಂದಾದ ಮೇಲೊಂದು ತುಳಿಯುತ್ತಿದ್ದವು; ಹಾಸಿನ ಎಳೆಗಳು ಬಾಯ್ದೆರೆದಾಗ ಲಾಳಿ ಅತ್ತಣಿಂದಿತ್ತ ಓಡುವುದು, ಹಣಿಗೆ ಹೊಕ್ಕನ್ನು ಬಡಿದು ಕೂಡಿಸುವುದು; ಪಕ್ಕದಲ್ಲಿ ಮನೆಯೊಡತಿ ರಾಟೆ ತಿರುಗಿಸುತ್ತ ಕಂಡಿಕೆ ಸುತ್ತುತ್ತಿದ್ದರು. ಬೆಳಕಿನ ಏರ್ಪಾಡಿಗೆ ಸಮಯವಿಲ್ಲದ್ದರಿಂದ ಜಂತೆಯ ಸಂದಿನಿಂದ ಬಿದ್ದ ಬಿಸಿಲಿನಲ್ಲಿಯೇ ಚಿತ್ರಿಸಿದೆವು. ಮೈಕನ್ನು ಮಾತ್ರ ಮಗ್ಗದ ಕೆಳಗಿಟ್ಟು, ಚಿತ್ರ ತೆಗೆದ ಮೇಲೆಯೂ ಬಹಳ ಹೊತ್ತು ಸಪ್ಪಳವನ್ನೇ ದಾಖಲಿಸಿಕೊಂಡೆ. ಆಗ ಆ ಹಿರಿಯರು, “ತಮ್ಮಾ, ಸಪ್ಪಳ ಬದಲಾತಂದ್ರ ಎಲ್ಲ್ಯೋ ಎಳಿ ಹರದೈತಿ ಅಂತ ತಿಳಕೋ” ಎಂದರು.

ಸಂಕಲನದ ಮೇಜಿನ ಮುಂದೆ ಆ ಮಾತೇ ನನಗೆ ದಾರಿ ತೋರಿತು. ಮೊದಲು ಮಗ್ಗದ ಸದ್ದನ್ನು ಹಾಸಿ, ಅದರ ಮೇಲೆ ದೃಶ್ಯಗಳನ್ನು ಜೋಡಿಸುತ್ತ ಹೋದೆ. ಸೆಕೆಂಡಿಗೆ 25 ಫ್ರೇಮುಗಳಲ್ಲಿ ಎರಡೇ ಫ್ರೇಮು ಮುಂಚಿತವಾಗಿ, ಹಣಿಗೆಯ ಪೆಟ್ಟು ಬೀಳುವ ಹೊಸ್ತಿಲಲ್ಲಿ, ದೃಶ್ಯ ಬದಲಾದರೆ ಕಣ್ಣು ಕಿವಿಗಳೆರಡೂ ಒಟ್ಟಿಗೆ ತಣಿಯುತ್ತವೆ. ಪೆಟ್ಟಿನ ಮೇಲೆಯೇ ಬದಲಾದರೆ ಏನೋ ತಡವಾದಂತೆ ತೋರುತ್ತದೆ. ಈ ಸೂಕ್ಷ್ಮವನ್ನು ಹುಡುಕುತ್ತ ರಾತ್ರಿ ಸರಿದುಹೋಗುವುದರಲ್ಲಿರುವ ಸುಖವನ್ನು ನಾನು ಬೇರಾವುದಕ್ಕೂ ಬಿಟ್ಟುಕೊಡಲಾರೆ. ಡಚ್ ನಿರ್ದೇಶಕ ಬರ್ಟ್ ಹಾನ್‌ಸ್ಟ್ರಾ, ಲೀರ್‌ಡಾಮ್ ಊರಿನ ಗಾಜಿನ ಕಾರ್ಖಾನೆಗಾಗಿ ಪ್ರಚಾರಚಿತ್ರ ಮಾಡಲು ಹೋಗಿ, ಅಲ್ಲಿ ಗಾಜನ್ನೂದುವವರ ಕೆನ್ನೆ-ಕೈಗಳ ಚಲನೆಗೆ ಮನಸೋತು, 1958ರಲ್ಲಿ ‘ಗ್ಲಾಸ್’ ಎಂಬ ಕಿರುಚಿತ್ರವನ್ನು ಜಾಜ್ ಸಂಗೀತದ ಲಯಕ್ಕೆ ಹೆಣೆದನು. ಅದಕ್ಕೆ ಆಸ್ಕರ್ ಬಂದಿತು. ಅದರಲ್ಲಿ ವಿವರಣೆಯ ಮಾತೇ ಇಲ್ಲ.

ನಾನೂ ಬೆಟಗೇರಿಯ ಭಾಗದಲ್ಲಿ ನಿರೂಪಕನ ಮಾತನ್ನು ತೆಗೆದುಬಿಟ್ಟೆ. ಠೇವಣಿಯ ಅಂಕಿಗಳನ್ನು ಕೊನೆಯ ಫಲಕಕ್ಕೆ ಸೇರಿಸಿದೆ. ಅಧ್ಯಕ್ಷರು ಎರಡು ಸಲ ನೋಡಿ ಸಮ್ಮತಿಸಿದರು. ಮುಂಡರಗಿಯ ಭಾಗವೊಂದೇ ನನ್ನ ಮನಸ್ಸಿನಂತೆ ಬಂದಿಲ್ಲ: ಕಪ್ಪತಗುಡ್ಡದ ಗಾಳಿಯಂತ್ರಗಳು ಆ ಚಳಿಗಾಲದ ಮಧ್ಯಾಹ್ನ ಅಲುಗಾಡದೆ ನಿಂತಿದ್ದವು, ಕಾಯಲು ವ್ಯವಧಾನವಿರಲಿಲ್ಲ. ಆಷಾಢದ ಗಾಳಿ ಎದ್ದೊಡನೆ ಅಲ್ಲಿಗೆ ಮತ್ತೆ ಹೋಗಬೇಕೆಂದು, ಯಾರೂ ಕೇಳದಿದ್ದರೂ, ಕ್ಯಾಮೆರಾದವನಿಗೆ ಈಗಲೇ ಹೇಳಿಟ್ಟಿದ್ದೇನೆ.