ಪುಡಿ ನೋಡಿ ಜರಡಿ

ಟೀಪಾಟ್ ತಗೊಳ್ಳುವಾಗ ಏನು ನೋಡ್ತೀರಾ? ಬಣ್ಣ, ಆಕಾರ, ರೇಟು? ಜಪಾನಿನ ‘ಕ್ಯೂಸು’ ಆದ್ರೆ ಮೊದಲು ಮುಚ್ಚಳ ತೆಗೆದು ಒಳಗೆ ಇಣುಕಬೇಕು. ಯಾಕಂದ್ರೆ ಟೀ ಸೋಸುವ ಜರಡಿ ಅದರ ಹೊಟ್ಟೆಯೊಳಗೇ ಇರುತ್ತೆ.

ನಮಗೆ ಇದನ್ನು ಕಲಿಯುವ ಅವಕಾಶ ಕೊಟ್ಟಿದ್ದು ನಮ್ಮ ಸೀನಿಯರ್ ಅಕ್ಕ. ಅವರಿಗೆ ಕೆಲಸ ನಗೋಯಾದಲ್ಲಿ. ಈ ಸಲ ರಜೆಗೆ ಹೊರಡುವ ಮುಂಚೆ, “ಕ್ಯೂಸು ತರ್ತೀನಿ, ಯಾವ್ದು ಬೇಕು ಅಂತ ಭಾನುವಾರದೊಳಗೆ ಹೇಳ್ರೋ” ಅಂದ್ರು. ಅವರು ವಿಮಾನ ಹತ್ತುವ ಏರ್‌ಪೋರ್ಟ್ ಇರೋದೇ ಟೊಕೊನಾಮೆಯಲ್ಲಿ. ಅದು ಜಪಾನಿನ ಆರು ಪ್ರಾಚೀನ ಕುಂಬಾರಿಕೆ ಊರುಗಳಲ್ಲಿ ಒಂದು, ಕೆಂಪು ಮಣ್ಣಿನ ಕ್ಯೂಸುಗೆ ಹೆಸರುವಾಸಿ. ನಾವು ರೂಮಿನ ಮೂರು ಜನ ಸೇರಿ 3,000 ರೂಪಾಯಿ ಕೂಡಿಸಿದ್ವಿ. ಅಲ್ಲಿಂದ ಬಂದ ವಸ್ತು ಇಷ್ಟ ಆಗಲಿಲ್ಲ ಅಂತ ವಾಪಸ್ ಕೊಡೋಕಾಗಲ್ಲ. ಹಾಗಾಗಿ ಎರಡು ರಾತ್ರಿ ರೂಮಲ್ಲಿ ಬರೀ ಜರಡಿಯದೇ ಚರ್ಚೆ.

ಜರಡಿಯಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಮಣ್ಣಿನದು. ಮೂತಿ ಶುರುವಾಗುವ ಕಡೆ, ಅದೇ ಮಣ್ಣಿನಲ್ಲಿ ನೂರಾರು ಸಣ್ಣ ತೂತು ಇರುವ ಬಿಲ್ಲೆ ಮಾಡಿ, ಸುಡುವ ಮುಂಚೆಯೇ ಅಂಟಿಸಿರ್ತಾರೆ. ಕೆಲವದರಲ್ಲಿ ಇದು ಒಳಗಡೆಗೆ ಗುಮ್ಮಟದ ಹಾಗೆ ಉಬ್ಬಿರುತ್ತೆ. ಎಲೆ ಒಂದು ಕಡೆ ಮುಚ್ಚಿಕೊಂಡರೂ ಉಳಿದ ಕಡೆಯಿಂದ ನೀರು ಹೋಗಲಿ ಅಂತ. ಎರಡನೆಯದು ಸ್ಟೀಲ್ ಜಾಲರಿ, ಪಾತ್ರೆಯ ಒಳಗೋಡೆಗೆ ಪಟ್ಟಿ ಕಟ್ಟಿದ ಹಾಗೆ ಸುತ್ತಿರುತ್ತೆ. ಮೂರನೆಯದು ತೆಗೆದು ತೊಳೆಯಬಹುದಾದ ಬುಟ್ಟಿ. ಇದು ಸುಲಭ ನಿಜ, ಆದ್ರೆ ಬುಟ್ಟಿ ಚಿಕ್ಕದಾದ್ರೆ ಎಲೆಗೆ ಅರಳೋಕೆ ಜಾಗ ಇರಲ್ಲ.

ನಮ್ಮಲ್ಲೊಬ್ಬ ಮಣ್ಣಿನ ಜರಡಿಯ ಫೋಟೋ ನೋಡಿ ಮರುಳಾಗಿಬಿಟ್ಟ. “ಲೋಹ ತಾಗದ ಟೀ ಮಗಾ, ರುಚಿನೇ ಬೇರೆ!” ಇನ್ನೊಬ್ಬ ಫ್ಲೂಯಿಡ್ ಮೆಕ್ಯಾನಿಕ್ಸ್ ಶುರು ಮಾಡಿದ: ಜರಡಿಯ ಏರಿಯಾ ಜಾಸ್ತಿ ಇದ್ದಷ್ಟೂ ಕಟ್ಟಿಕೊಳ್ಳೋದು ಕಡಿಮೆ. ಇಬ್ಬರ ಮಾತಲ್ಲೂ ಹುರುಳಿತ್ತು. ಆದ್ರೆ ತೀರ್ಮಾನ ಕೊಟ್ಟಿದ್ದು ಅಕ್ಕ ಹಿಂದೆ ಕಳಿಸಿದ್ದ, ಇನ್ನೂ ಅರ್ಧ ಉಳಿದಿದ್ದ ಟೀ ಪ್ಯಾಕೆಟ್.

ಅದು ‘ಫುಕಮುಶಿ’ ಸೆಂಚಾ. ಜಪಾನಿನಲ್ಲಿ ಕಿತ್ತ ಎಲೆಯನ್ನು ಕೂಡಲೇ ಹಬೆಯಲ್ಲಿ ಬೇಯಿಸ್ತಾರೆ, ಇಲ್ಲದಿದ್ರೆ ಹಸಿರು ಉಳಿಯಲ್ಲ. ಮಾಮೂಲಿ ಸೆಂಚಾಗೆ 30-40 ಸೆಕೆಂಡ್ ಸಾಕು. ಫುಕಮುಶಿಗೆ ಅದರ ಎರಡು ಮೂರು ಪಟ್ಟು ಹೊತ್ತು. ಅಷ್ಟು ಬೆಂದ ಎಲೆ ಮೆತ್ತಗಾಗಿ, ಹೊಸೆಯುವಾಗ ಪುಡಿಪುಡಿ ಆಗುತ್ತೆ. ಆ ಪುಡಿ ಮಣ್ಣಿನ ತೂತುಗಳಿಗೆ ಮೆತ್ತಿಕೊಂಡ್ರೆ ಟೀ ಇಳಿಯೋದು ನಿಧಾನ, ಒಳಗೆ ನಿಂತಷ್ಟೂ ಒಗರು. ಅಗಲವಾದ ಸ್ಟೀಲ್ ಜಾಲರಿಯಲ್ಲಿ ಆ ತೊಂದರೆ ಕಡಿಮೆ. ಉದ್ದ ಎಲೆಯ ಟೀ ಕುಡಿಯುವವರಾಗಿದ್ರೆ ನಾವೂ ಮಣ್ಣಿನದಕ್ಕೇ ಓಟು ಹಾಕ್ತಿದ್ವಿ.

ಯೋಚಿಸಿದ್ರೆ ಇದು ಅಮ್ಮಂದಿರಿಗೆ ಯಾವತ್ತೋ ಗೊತ್ತಿರೋ ವಿಷಯ. ರಾಗಿ ಹಿಟ್ಟಿಗೆ ಒಂದು ಜರಡಿ, ರವೆಗೆ ಇನ್ನೊಂದು. ಪುಡಿ ನೋಡಿ ಜರಡಿ ತೆಗೀತಾರೆ, ಜರಡಿ ಚೆನ್ನಾಗಿದೆ ಅಂತ ಪುಡಿ ಹುಡುಕಲ್ಲ. ನಮಗೆ ಇದೇ ಮಾತು ‘ಡಿಸೈನ್ ಕನ್‌ಸ್ಟ್ರೇಂಟ್’ ಅಂತ ಇಂಗ್ಲಿಷಲ್ಲಿ ಬಂದಾಗ ಮಾತ್ರ ದೊಡ್ಡದಾಗಿ ಕಾಣುತ್ತೆ.

ಇನ್ನೊಂದು ಕನ್‌ಸ್ಟ್ರೇಂಟ್ ನಮ್ಮ ರೂಮಲ್ಲೇ ಇತ್ತು. ಕ್ಯೂಸು ಅಂದ್ರೆ ಹೆಚ್ಚಾಗಿ ಮೂತಿಯ ಪಕ್ಕಕ್ಕೆ ಹಿಡಿ ಇರುವಂಥದ್ದು. ಬಲಗೈಯಲ್ಲಿ ಹಿಡಿದು, ಹೆಬ್ಬೆರಳಿಂದ ಮುಚ್ಚಳ ಒತ್ತಿ, ಮಣಿಕಟ್ಟು ತಿರುಗಿಸಿದ್ರೆ ಆಯ್ತು. ನಮ್ಮಲ್ಲೊಬ್ಬ ಎಡಚ. ಎಡಗೈಯವರಿಗೆ ಅಂತ ಬೇರೆ ಮಾಡ್ತಾರೆ, ಆದ್ರೆ ಆಗ ಇಬ್ಬರಿಗೆ ಕಷ್ಟ. “ನೀವೇ ಬಗ್ಗಿಸಿಕೊಡಿ, ನಾನು ಕುಡೀತೀನಿ ಬಿಡಿ” ಅಂದ ಅವನು. ದುಡ್ಡು ಸಮ ಹಾಕಿದವನು ಬರೀ ಕುಡಿಯೋದಾ? ಹಿಂದೆ ಹಿಡಿ ಇರುವ ಕ್ಯೂಸುನೂ ಸಿಗುತ್ತೆ, ಯಾವ ಕೈಗಾದ್ರೂ ಸರಿ. ನೋಡೋಕೆ ಅಷ್ಟು ‘ಜಪಾನೀಸ್’ ಅನಿಸಲ್ಲ. ಆದ್ರೂ ಅದನ್ನೇ ಹೇಳಿದ್ವಿ: ಕೆಂಪು ಮಣ್ಣು, ಸ್ಟೀಲ್ ಪಟ್ಟಿ, ಹಿಂದೆ ಹಿಡಿ.

ಈಗ ಅದು ನಮ್ಮ ಟೇಬಲ್ ಮೇಲಿದೆ. ಸೋಪು ಹಾಕಲ್ಲ, ಬರೀ ನೀರಲ್ಲಿ ತೊಳೆದು ಬೋರಲು ಹಾಕ್ತೀವಿ. ಕುದಿಯುವ ನೀರನ್ನು 70-80 ಡಿಗ್ರಿಗೆ ಆರಿಸಿ ಹಾಕ್ತೀವಿ. ಮೂರು ಲೋಟಕ್ಕೆ ಸ್ವಲ್ಪ ಸ್ವಲ್ಪವೇ ಸರದಿ ಮೇಲೆ ಬಗ್ಗಿಸಿದ್ರೆ ಎಲ್ಲರಿಗೂ ಒಂದೇ ಸ್ಟ್ರಾಂಗ್. ಕೊನೇ ಹನಿವರೆಗೂ ಬಗ್ಗಿಸಬೇಕು, ಆ ಹನಿಯಲ್ಲೇ ರುಚಿ ಜಾಸ್ತಿ. ಅದು ಯಾರ ಲೋಟಕ್ಕೆ ಅನ್ನೋ ಜಗಳಕ್ಕೆ ಮಾತ್ರ ಇನ್ನೂ ಯಾವ ಜರಡಿನೂ ಸಿಕ್ಕಿಲ್ಲ.