ಉಳಿದ ಬಾಣಗಳು

ಶಿವಮೊಗ್ಗ ಜಿಲ್ಲೆಯ ನಗರ ಎಂದರೆ ಹಳೆಯ ಬಿದನೂರು. 2018ರಲ್ಲಿ ಅಲ್ಲಿಯ ಬತ್ತಿದ ಬಾವಿಯೊಂದನ್ನು ಅಗೆದಾಗ ಟಿಪ್ಪೂ ಕಾಲದ ಕಬ್ಬಿಣದ ರಾಕೆಟ್ಟುಗಳು ಸಾವಿರಕ್ಕೂ ಮಿಕ್ಕಿ ದೊರೆತವು. ಮದ್ದು ತುಂಬಿ, ಹಾರಿಸದೆ ಉಳಿದವು. ಬಾವಿಯ ಮಣ್ಣಿಗೂ ಮದ್ದಿನ ವಾಸನೆಯಿತ್ತಂತೆ.

ನಮ್ಮ ದಾಸ್ತಾನು ಅಷ್ಟು ದೊಡ್ಡದಲ್ಲ. ದೀಪಾವಳಿ ಮುಗಿದ ಮೇಲೆ ಬೋರಗಾಂವದ ಮನೆಯಲ್ಲಿ ಕರ್ಚಿಕಾಯಿ ಒಂದೂ ಉಳಿಯುವುದಿಲ್ಲ, ಐದಾರು ಬಾಣ ಮಾತ್ರ ಉಳಿಯುತ್ತವೆ. ಅವನ್ನು ಡಬ್ಬಿಗೆ ತುಂಬಿ ಅಡಿಗೆಮನೆಯ ಅಟ್ಟಕ್ಕೇರಿಸುವುದು ಅವ್ವನ ಪದ್ಧತಿ. "ಬೆಚ್ಚಗಿದ್ರ ಕೆಡೂದಿಲ್ಲೋ" ಎನ್ನುತ್ತಾಳೆ. ರೊಕ್ಕ ಕೊಟ್ಟು ತಂದ ಪದಾರ್ಥ!

ಪೆಟ್ಲುಪ್ಪು, ಗಂಧಕ, ಇದ್ದಲಿ ಸೇರಿದ ಮದ್ದಿಗೆ ದೂಧಗಂಗೆಯ ದಂಡೆಯ ಮಳೆಗಾಲದ ತಂಪು ಹತ್ತಿದರೆ ಅದು ಬಹುಶಃ ಹೊತ್ತುವುದೇ ಇಲ್ಲ, ಅದು ವಾಸಿ. ಹಗಲು ಕಾದು ಇರುಳು ತಣಿಯುವ ಅಟ್ಟದಲ್ಲಿ ಬೇರೆ ಕೇಡಿದೆ. ಗಟ್ಟಿಯಾಗಿ ಒತ್ತಿದ ಮದ್ದು ಬಿರುಕು ಬಿಡಬಹುದು. ಬಿರುಕಿನೊಳಗೆ ಬೆಂಕಿ ನುಗ್ಗಿತೆಂದರೆ, ಸಾಲಾಗಿ ಉರಿಯಬೇಕಾದದ್ದು ಒಮ್ಮೆಲೇ ಉರಿದು, ಬಾಣ ಹಾರುವ ಬದಲು ಸಿಡಿಯುತ್ತದೆ. ಮೇಲಿನ ಬಣ್ಣದ ಕಾಗದ ಮಾತ್ರ ಹೊಸದರಂತೆಯೇ ಇರುತ್ತದೆ. ಅದನ್ನು ನಂಬಿ ಊದಿನಕಡ್ಡಿ ಹಿಡಿದು ಬಗ್ಗುವವನು ಎಂಟು ವರ್ಷದ ಮೊಮ್ಮಗ.

ಈ ಸಲ ಅವನ್ನು ಅಟ್ಟದಿಂದ ಇಳಿಸಿ ಬಕೀಟಿನ ನೀರಿನಲ್ಲಿ ಮುಳುಗಿಸಿಟ್ಟೆ. ಅವ್ವ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಖಾಲಿ ಡಬ್ಬಿಯನ್ನು ತಿಕ್ಕಿ ಬಿಸಿಲಿಗಿಟ್ಟಳು.