ಐದನೆಯ ನಡೆ

ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಚೆಸ್ ಓಪನಿಂಗ್ ಪುಸ್ತಕ ಕಣ್ಣಿಗೆ ಬಿದ್ದರೆ ನಾನು ಮುನ್ನುಡಿ ಓದುವುದಿಲ್ಲ, ಬೆನ್ನುಡಿಯನ್ನಂತೂ ನಂಬುವುದೇ ಇಲ್ಲ. ನೇರ ‘ಟೂ ನೈಟ್ಸ್ ಡಿಫೆನ್ಸ್’ ಪುಟಕ್ಕೆ ಹೋಗುತ್ತೇನೆ. ಅಲ್ಲಿ ಬಿಳಿಯ ಕುದುರೆ ನಾಲ್ಕನೆಯ ನಡೆಗೇ ಹಾರಿ ಬಂದು, ಒಂಟೆಯ ಜೊತೆ ಸೇರಿ, ಕಪ್ಪು ರಾಜನ ಮಗ್ಗುಲಿನ ಕಾಲಾಳಿಗೆ ಗುರಿಯಿಟ್ಟಿರುತ್ತದೆ. ಕಪ್ಪು ನಡುವಿನ ಕಾಲಾಳನ್ನು ತಳ್ಳಿ ಒಂಟೆಗೆ ಅಡ್ಡ ಹಾಕುತ್ತದೆ. ಬಿಳಿ ಅದನ್ನು ಹೊಡೆಯುತ್ತದೆ. ಈಗ ಕಪ್ಪಿನ ಐದನೆಯ ನಡೆ. ಕುದುರೆಯಿಂದ ತಿರುಗಿ ಹೊಡೆಯೋಣ ಅಂತ ಯಾರಿಗಾದರೂ ಕೈ ತುರಿಸುತ್ತದೆ. ಪುಸ್ತಕ ಮಾತ್ರ ಇನ್ನೊಂದು ಕುದುರೆಯನ್ನು ಮಣೆಯ ಅಂಚಿಗೆ ಓಡಿಸು ಎನ್ನುತ್ತದೆ. ಯಾಕೆ?

ಆಶ್ಚರ್ಯಸೂಚಕ ಚಿಹ್ನೆಯೊಂದನ್ನು ಹಾಕಿ ಮುಂದಿನ ಸಾಲಿಗೆ ಜಿಗಿದರೆ ಅಂಥ ಪುಸ್ತಕ ವಾಪಸ್ ರಾಶಿಗೆ. ಹೊಡೆದರೆ ಬಿಳಿ ತನ್ನ ಕುದುರೆಯನ್ನೇ ಬಲಿಕೊಟ್ಟು ರಾಜನನ್ನು ಹೊರಗೆಳೆಯುತ್ತದೆ, ಮಂತ್ರಿ ಬಂದು ಚೆಕ್ ಕೊಡುತ್ತಾನೆ, ಹೊಡೆದ ಕುದುರೆಯನ್ನು ಕಾಯಲು ರಾಜನೇ ನಡುಬೀದಿಗೆ ಬಂದು ನಿಲ್ಲಬೇಕಾಗುತ್ತದೆ ಎಂದು ಬಿಡಿಸಿ ಹೇಳಿದರೆ ಜೇಬಿಗೆ ಕೈ ಹಾಕುತ್ತೇನೆ. ಈ ದಾಳಿಗೆ ‘ಫ್ರೈಡ್ ಲಿವರ್’ ಅಂತ ಹೆಸರು. ನನ್ನ ಲಿವರ್ ಹುರಿದವನು ಹತ್ತು ವರ್ಷದ ಹುಡುಗ, ಬಾಳೆಹಣ್ಣು ತಿನ್ನುತ್ತಾ. ಆ ದಿನ ನನ್ನ ಚೀಲದಲ್ಲಿದ್ದ ದಪ್ಪ ಪುಸ್ತಕದಲ್ಲಿ ಸರಿಯಾದ ನಡೆ ಇತ್ತು, ಕಾರಣ ಇರಲಿಲ್ಲ. ಉರು ಹೊಡೆದ ನಡೆ ಗಡಿಯಾರದ ಟಿಕ್‌ಟಿಕ್‌ಗೆ ಹಾರಿಹೋಯಿತು.

ಕಾರಣ ಹೇಳದ ದೊಡ್ಡ ಪುಸ್ತಕಗಳೂ ಇವೆ. ಬೆಲ್‌ಗ್ರೇಡ್‌ನಿಂದ 1974ರಿಂದ ಬಂದ ಓಪನಿಂಗ್ ವಿಶ್ವಕೋಶಕ್ಕೆ ಐದು ಸಂಪುಟ, 500 ಸಂಕೇತ. ಎಲ್ಲ ಭಾಷೆಯವರೂ ಓದಲೆಂದು ಮಾತಿನ ಬದಲು ಬರೀ ಚಿಹ್ನೆ. ಮಾಸ್ಟರ್‌ಗಳಿಗೆ ಅದು ವರ. ನಮ್ಮಂಥವರಿಗೆ ಜೋಯಿಸರಿಲ್ಲದ ಮನೆಯ ಪಂಚಾಂಗ.

ಇನ್ನು ಲೇಖಕರ ತೀರ್ಪು. 1961ರಲ್ಲಿ ಗ್ರಾಂಡ್‌ಮಾಸ್ಟರ್ ಬಾಬಿ ಫಿಷರ್ ‘ಕಿಂಗ್ಸ್ ಗ್ಯಾಂಬಿಟ್’ ಎಂಬ ಓಪನಿಂಗ್‌ನ ಕಥೆ ಮುಗಿಯಿತು ಎಂದು ಲೇಖನವನ್ನೇ ಬರೆದ. 1963ರಲ್ಲಿ ಲ್ಯಾರಿ ಇವಾನ್ಸ್ ಎದುರು ತಾನೇ ಅದನ್ನು ಆಡಿ ಗೆದ್ದ. ಕುದುರೆಯ ಬದಲು ಒಂಟೆ ಹೊರತಂದಿದ್ದ, ಅಷ್ಟೇ. ‘ಖಂಡಿತ ಗೆಲುವು’ ಎಂದು ರಟ್ಟಿನ ಮೇಲೆ ಅಚ್ಚು ಹಾಕಿದ್ದನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಮೊನ್ನೆ ರಟ್ಟು ಕಿತ್ತ ಪುಸ್ತಕವೊಂದು ಸಿಕ್ಕಿತು. ಐದನೆಯ ನಡೆಗೆ ಅಲ್ಲೂ ಬರೀ ಆಶ್ಚರ್ಯಸೂಚಕ. ಇಡಬೇಕೆನ್ನುವಾಗ ಅಂಚಿನಲ್ಲಿ ಪೆನ್ಸಿಲ್ ಅಕ್ಷರ ಕಂಡಿತು. ಹಿಂದಿನ ಒಡೆಯರು ಯಾರೋ, ‘ಹೊಡೆದರೆ ರಾಜ ಬೀದಿಪಾಲು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. 80 ರೂಪಾಯಿ ಅಂದ ಅಂಗಡಿಯವ. ಚೌಕಾಸಿ ಮಾಡಲಿಲ್ಲ.